ಸ್ಕೈಲೈನ್ ಡ್ರೈವ್: ಬಣ್ಣದ ಬೆಟ್ಟದಲ್ಲಿ ಇಬ್ಬರ ಎರಡು ರಾತ್ರಿ

ಊರಿನಿಂದ ಊರಿಗೆ ತಲುಪಿಸಲೆಂದು ರಸ್ತೆ ಮಾಡುವುದು ಲೋಕರೂಢಿ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಬ್ಲೂ ರಿಜ್ ಬೆಟ್ಟಸಾಲಿನ ನೆತ್ತಿಯ ಮೇಲೆ ಹಾದುಹೋಗುವ ಸ್ಕೈಲೈನ್ ಡ್ರೈವ್ ಆ ರೂಢಿಗೆ ಹೊರತಾದುದು. ಬೆಟ್ಟದ ಕೆಳಗೆ, ಪಶ್ಚಿಮದ ಕಣಿವೆಯಲ್ಲಿ, ಇದಕ್ಕಿಂತ ನೇರವಾದ, ವೇಗದ ಹೆದ್ದಾರಿ ಇದೆ. ಅವಸರವಿದ್ದವರು ಅದನ್ನು ಹಿಡಿಯುತ್ತಾರೆ. ನೋಡುವುದಕ್ಕೆಂದು ಬಂದವರು ಮಾತ್ರ ಬೆಟ್ಟ ಹತ್ತುತ್ತಾರೆ. ಇಲ್ಲಿ ವೇಗದ ಮಿತಿ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿ.ಮೀ. ಸರಕು ಸಾಗಿಸುವ ಲಾರಿಗಳಿಗೆ ಪ್ರವೇಶವಿಲ್ಲ.

ಅಕ್ಟೋಬರ್ ಬಂತೆಂದರೆ ಈ ಹಾದಿಯಲ್ಲಿ ವಾಹನಗಳ ಸಾಲು ಬೆಳೆಯುತ್ತದೆ. ರಾಜಧಾನಿ ವಾಷಿಂಗ್ಟನ್‌ನಿಂದ ಇಲ್ಲಿಗೆ 75 ಮೈಲಿ ಮಾತ್ರ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಚಿರಪರಿಚಿತ. ಮಕ್ಕಳ ಮನೆಗೆಂದು ಹೋಗಿಬಂದ ತಂದೆತಾಯಿಯರ ಛಾಯಾಚಿತ್ರಗಳಲ್ಲಿ ಕೆಂಪು, ಹಳದಿ ಮರಗಳ ಹಿನ್ನೆಲೆ ಇದ್ದರೆ ಅದು ಇದೇ ಬೆಟ್ಟವಿರುವ ಸಂಭವ ಉಂಟು. ಬಹುಪಾಲು ಜನ ಬೆಳಗ್ಗೆ ಬಂದು ಸಂಜೆ ಮರಳುತ್ತಾರೆ. ಅವರಿಗೆ ಬಣ್ಣ ದಕ್ಕುತ್ತದೆ. ಡೇರೆ ಹಾಕಿ ಎರಡು ರಾತ್ರಿ ತಂಗುವ ದಂಪತಿಗೆ ಅದರಾಚೆಗಿನದೂ ಕಾಣಸಿಗುತ್ತದೆ: ಕಾಡಿನ ನಡುವೆ ಕುಸಿದು ನಿಂತ ಕಲ್ಲುಗೋಡೆ, ಆರೈಕೆಯಿಲ್ಲದೆ ಬೆಳೆದ ಸೇಬಿನ ಮರ, ಹೆಸರು ಕೆತ್ತದ ಸಮಾಧಿಗಲ್ಲು. ಈ ಬೆಟ್ಟದ ಚೆಲುವು ತಾನಾಗಿ ಉಂಟಾದದ್ದಲ್ಲ, ಅದಕ್ಕೆ ಬೆಲೆ ತೆತ್ತವರಿದ್ದಾರೆ ಎಂಬುದರ ಗುರುತುಗಳವು.

ಹಾದಿಯ ಪರಿಚಯ

ಉತ್ತರದ ಫ್ರಂಟ್ ರಾಯಲ್ ಪಟ್ಟಣದಿಂದ ದಕ್ಷಿಣದ ರಾಕ್‌ಫಿಶ್ ಗ್ಯಾಪ್‌ವರೆಗೆ ರಸ್ತೆಯ ಉದ್ದ 105 ಮೈಲಿ, ಅಂದರೆ 169 ಕಿ.ಮೀ. ಸುಮಾರು 2 ಲಕ್ಷ ಎಕರೆ ವಿಸ್ತಾರದ ಶೆನಂಡೋವ ರಾಷ್ಟ್ರೀಯ ಉದ್ಯಾನದ ಉದ್ದಕ್ಕೂ ಅದು ಬೆನ್ನೆಲುಬಿನಂತೆ ಚಾಚಿಕೊಂಡಿದೆ. ಪೂರ್ವಕ್ಕೆ ಪೀಡ್‌ಮಾಂಟ್‌ನ ಇಳಿಜಾರು ಬಯಲು, ಪಶ್ಚಿಮಕ್ಕೆ ಶೆನಂಡೋವ ನದಿಯ ಕಣಿವೆ. ವಾಹನ ನಿಲ್ಲಿಸಿ ನೋಡಲೆಂದೇ ಕಟ್ಟಿದ ವೀಕ್ಷಣಾ ತಾಣಗಳು ಸುಮಾರು 70. ಪ್ರತಿ ಮೈಲಿಗೆ ಒಂದರಂತೆ ರಸ್ತೆಯ ಪಶ್ಚಿಮ ಬದಿಯಲ್ಲಿ ಕಾಂಕ್ರೀಟ್ ಮೈಲಿಗಲ್ಲುಗಳಿವೆ. ಎಣಿಕೆ ಉತ್ತರದಿಂದ ಆರಂಭವಾಗುತ್ತದೆ. ಇಲ್ಲಿ ಜಾಗದ ಗುರುತು ಹೇಳುವುದೇ ಮೈಲಿಯ ಲೆಕ್ಕದಲ್ಲಿ.

ಒಳಬರಲು ನಾಲ್ಕು ದ್ವಾರಗಳು: ಫ್ರಂಟ್ ರಾಯಲ್, ಥಾರ್ನ್‌ಟನ್ ಗ್ಯಾಪ್, ಸ್ವಿಫ್ಟ್ ರನ್ ಗ್ಯಾಪ್ ಹಾಗೂ ರಾಕ್‌ಫಿಶ್ ಗ್ಯಾಪ್. 'ಗ್ಯಾಪ್' ಎಂದರೆ ಎರಡು ಬೆಟ್ಟಗಳ ನಡುವಿನ ಕಣಿವೆಬಾಯಿ. ರಸ್ತೆ ಅತಿ ಎತ್ತರಕ್ಕೆ ಏರುವುದು ಸ್ಕೈಲ್ಯಾಂಡ್ ಬಳಿ, 3,680 ಅಡಿಗೆ. ಉದ್ಯಾನದ ಅತ್ಯುನ್ನತ ಶಿಖರ ಹಾಕ್ಸ್‌ಬಿಲ್‌ನ ಎತ್ತರ 4,051 ಅಡಿ. ಈ ರಸ್ತೆ ಮತ್ತು ಅದಕ್ಕೆ ಸೇರಿದ ಕಟ್ಟಡಗಳನ್ನು 2008ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂದು ಘೋಷಿಸಲಾಯಿತು.

ಎಲೆ ಕೆಂಪಾಗುವ ಬಗೆ

ನಮ್ಮ ಋತುಚಕ್ರದಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಅಲ್ಲಿ ಶರತ್ಕಾಲದಲ್ಲಿಯೇ ಮರಗಳು ಬೋಳಾಗತೊಡಗುತ್ತವೆ. ಹಗಲು ಕಿರಿದಾದಂತೆ ಎಲೆಯಲ್ಲಿ ಪತ್ರಹರಿತ್ತಿನ ತಯಾರಿಕೆ ನಿಲ್ಲುತ್ತದೆ. ಹಸಿರು ಕರಗಿದಾಗ ಅದರಡಿ ಬೇಸಿಗೆಯಿಡೀ ಅಡಗಿದ್ದ ಹಳದಿ ವರ್ಣದ್ರವ್ಯಗಳು ಹೊರಗೆ ಕಾಣುತ್ತವೆ. ಕೆಂಪಿನ ಕತೆ ಬೇರೆ. ಅದು ಮೊದಲೇ ಎಲೆಯಲ್ಲಿ ಇದ್ದದ್ದಲ್ಲ. ಎಲೆಯ ತೊಟ್ಟಿನ ಬಳಿ ಕದ ಮುಚ್ಚಿದಂತೆ ಪದರವೊಂದು ಬೆಳೆದು, ಎಲೆಯಲ್ಲಿಯೇ ಉಳಿದ ಸಕ್ಕರೆಯ ಅಂಶದಿಂದ ಆಂಥೊಸಯನಿನ್ ಎಂಬ ದ್ರವ್ಯ ಹೊಸದಾಗಿ ತಯಾರಾಗುತ್ತದೆ. ಹಗಲು ಪ್ರಖರ ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟದಷ್ಟು ಚಳಿ ಇದ್ದರೆ ಕೆಂಪು ಗಾಢವಾಗುತ್ತದೆ. ಮೋಡ, ಮಳೆ ಹೆಚ್ಚಾದ ವರ್ಷ ಬಣ್ಣ ಮಂಕು.

ಟ್ಯೂಲಿಪ್ ಪಾಪ್ಲರ್ ಮತ್ತು ಹಿಕರಿ ಮರಗಳು ಹಳದಿಗೆ, ಕೆಂಪು ಮೇಪಲ್ ಮತ್ತು ಬ್ಲ್ಯಾಕ್ ಗಮ್ ಕೆಂಪಿಗೆ ತಿರುಗುತ್ತವೆ. ಕೊನೆಯಲ್ಲಿ ಓಕ್ ಮರಗಳು ತಾಮ್ರವರ್ಣ ತಾಳುತ್ತವೆ. ಬಣ್ಣ ಶಿಖರದಲ್ಲಿ ಮೊದಲು ಕಾಣಿಸಿ ದಿನದಿಂದ ದಿನಕ್ಕೆ ಕಣಿವೆಯತ್ತ ಇಳಿಯುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ ಮಧ್ಯಭಾಗದಿಂದ ತಿಂಗಳ ಕೊನೆಯವರೆಗೆ ಅದು ಉತ್ತುಂಗದಲ್ಲಿರುತ್ತದೆ. ಒಂದೇ ವಾರಾಂತ್ಯದಲ್ಲಿ ರಸ್ತೆಯುದ್ದಕ್ಕೂ ಸಾಗುವ ದಂಪತಿ ಬೆಟ್ಟದ ಮೇಲೆ ಉದುರುವ ಎಲೆಯನ್ನೂ ಕೆಳಗೆ ಇನ್ನೂ ಹಸಿರಾಗಿರುವ ಎಲೆಯನ್ನೂ ಒಟ್ಟಿಗೆ ಕಾಣಬಹುದು.

ಶುಕ್ರವಾರದ ಬಿಡಾರ

ಉದ್ಯಾನದೊಳಗೆ ಕುಟುಂಬಗಳು ಡೇರೆ ಹೂಡಲು ನಾಲ್ಕು ಶಿಬಿರತಾಣಗಳಿವೆ. 22ನೇ ಮೈಲಿಯಲ್ಲಿ ಮ್ಯಾಥ್ಯೂಸ್ ಆರ್ಮ್, 51ರಲ್ಲಿ ಬಿಗ್ ಮೆಡೋಸ್, 57ರಲ್ಲಿ ಲೂಯಿಸ್ ಮೌಂಟನ್, 79ರಲ್ಲಿ ಲಾಫ್ಟ್ ಮೌಂಟನ್. ಉತ್ತರದಿಂದ ದಕ್ಷಿಣಕ್ಕೆ ಹೊರಟ ಇಬ್ಬರಿಗೆ ಮೊದಲ ರಾತ್ರಿ ಮ್ಯಾಥ್ಯೂಸ್ ಆರ್ಮ್, ಎರಡನೆಯ ರಾತ್ರಿ ಲೂಯಿಸ್ ಮೌಂಟನ್ ಎಂದು ದಾರಿಯನ್ನು ಹಂಚಿಕೊಳ್ಳಬಹುದು. ಅಕ್ಟೋಬರ್‌ನ ಶನಿವಾರ, ಭಾನುವಾರಗಳಿಗೆ ಬೇಡಿಕೆ ಬಹಳ. ತಿಂಗಳುಗಳ ಮೊದಲೇ ಜಾಗ ವಿಚಾರಿಸಿಕೊಳ್ಳದೆ ಹೊರಡುವುದು ಜಾಣತನವಲ್ಲ. ಇನ್ನೊಂದು ಅಪಾಯವೂ ಉಂಟು. 2013ರಲ್ಲಿ ಅಮೆರಿಕದ ಸಂಸತ್ತು ಆಯವ್ಯಯಕ್ಕೆ ಒಪ್ಪಿಗೆ ನೀಡದೆ ಸರ್ಕಾರಿ ಕಚೇರಿಗಳು ಮುಚ್ಚಿದಾಗ, ಅಕ್ಟೋಬರ್ 1ರಿಂದ ಎರಡು ವಾರಕ್ಕೂ ಹೆಚ್ಚು ಕಾಲ ರಾಷ್ಟ್ರೀಯ ಉದ್ಯಾನಗಳ ಬಾಗಿಲೂ ಮುಚ್ಚಿತ್ತು. ಆ ವರ್ಷ ಇಲ್ಲಿನ ಬಣ್ಣದ ಋತುವಿನ ಆರಂಭದ ಭಾಗ ನೋಡುವವರಿಲ್ಲದೆ ಕಳೆಯಿತು.

ಬಯಲಿಗಿಂತ ಬೆಟ್ಟದ ಮೇಲೆ ತಾಪಮಾನ ಐದಾರು ಡಿಗ್ರಿ ಸೆಲ್ಸಿಯಸ್ ಕಡಿಮೆ. ಅಕ್ಟೋಬರ್ ಕೊನೆಯ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳಬಹುದು. ಡೇರೆ ಎಷ್ಟೇ ಒಳ್ಳೆಯದಿರಲಿ, ನೆಲದಿಂದ ಏರುವ ಶೀತವನ್ನು ತಡೆಯುವ ಹಾಸು ಇಲ್ಲದಿದ್ದರೆ ಹೊದಿಕೆಯಿಂದ ಪ್ರಯೋಜನವಿಲ್ಲ. ಸೌದೆಯನ್ನು ಮನೆಯಿಂದ ತರುವಂತಿಲ್ಲ. ಆ್ಯಶ್ ಮರಗಳನ್ನು ಕೊಲ್ಲುವ ಕೊರೆಹುಳು ಸೌದೆಯೊಡನೆ ಪ್ರಯಾಣಿಸುತ್ತದೆ ಎಂಬುದು ಇದಕ್ಕೆ ಕಾರಣ. ಉದ್ಯಾನದಲ್ಲಿ ಮಾರುವ ಸೌದೆ ಅಥವಾ ಶಾಖದಿಂದ ಸಂಸ್ಕರಿಸಿ ಪ್ರಮಾಣೀಕರಿಸಿದ ಸೌದೆಯನ್ನು ಉರಿಸಬಹುದು.

ಇಲ್ಲಿ ನೂರಾರು ಕಪ್ಪು ಕರಡಿಗಳಿವೆ. ಚಳಿಗಾಲಕ್ಕೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಲು ಶರತ್ಕಾಲದಲ್ಲಿ ಅವು ಓಕ್ ಕಾಯಿಗಳಿಗಾಗಿ ದಿನವಿಡೀ ಅಲೆಯುತ್ತವೆ. ಮನುಷ್ಯರ ಅನ್ನದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಪ್ರಾಣ ಕಳೆದುಕೊಳ್ಳುವುದು ಅದೇ. ಹೀಗಾಗಿ ಊಟದ ಪದಾರ್ಥವಿರಲಿ, ಹಲ್ಲುಜ್ಜುವ ಪೇಸ್ಟ್ ಇರಲಿ, ವಾಸನೆಯಿರುವ ಯಾವುದನ್ನೂ ಡೇರೆಯೊಳಗೆ ಇಡುವಂತಿಲ್ಲ. ಕಾರಿನೊಳಗೆ ಅಥವಾ ಅದಕ್ಕೆಂದೇ ಇಟ್ಟ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರಪಡಿಸಬೇಕು. ಮೊಬೈಲ್ ಸಂಪರ್ಕ ಬಹುತೇಕ ಕಡೆ ದುರ್ಬಲ. ದಾರಿಯಲ್ಲಿ ಪೆಟ್ರೋಲ್ ಸಿಗುವುದು ಬಿಗ್ ಮೆಡೋಸ್‌ನಲ್ಲಿ ಮಾತ್ರ.

ರಸ್ತೆ ಹುಟ್ಟಿದ ಕಾಲ

ಶನಿವಾರ ಬೆಳಗ್ಗೆ ದಕ್ಷಿಣಕ್ಕೆ ಹೊರಟರೆ 32ನೇ ಮೈಲಿಯಲ್ಲಿ ಮೇರೀಸ್ ರಾಕ್ ಸುರಂಗ ಎದುರಾಗುತ್ತದೆ. ಗಟ್ಟಿ ಬಂಡೆಯನ್ನು 600 ಅಡಿಗೂ ಹೆಚ್ಚು ಉದ್ದ ಕೊರೆದು 1932ರಲ್ಲಿ ಇದನ್ನು ಮುಗಿಸಲಾಯಿತು. ರಸ್ತೆಯ ಕೆಲಸ ಆರಂಭವಾದದ್ದು 1931ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ. ಬರದಿಂದ ಕಂಗೆಟ್ಟಿದ್ದ ಸುತ್ತಲ ರೈತರಿಗೆ ಕೂಲಿ ಒದಗಿಸುವ ಪರಿಹಾರ ನಿಧಿಯ ಹಣವನ್ನು ಇದಕ್ಕೆ ತೊಡಗಿಸಲಾಯಿತು. ಅಂದಿನ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರಿಗೆ ಈ ಬೆಟ್ಟದ ಮೇಲೆ ವಿಶೇಷ ಅಕ್ಕರೆ. ಮಧ್ಯಭಾಗ 1934ರಲ್ಲಿ, ಉತ್ತರ ಭಾಗ 1936ರಲ್ಲಿ, ದಕ್ಷಿಣ ಭಾಗ 1939ರಲ್ಲಿ ಸಂಚಾರಕ್ಕೆ ತೆರೆದವು.

1933ರಲ್ಲಿ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರಿಗಾಗಿ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ದಳ ಕಟ್ಟಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ರಸ್ತೆಯನ್ನು ಕಡಿದವರು ಗುತ್ತಿಗೆದಾರರ ಕೆಲಸಗಾರರು. ಅದನ್ನು ನೋಡತಕ್ಕದ್ದಾಗಿ ಮಾಡಿದವರು ಈ ಹುಡುಗರು. ಇಳಿಜಾರುಗಳನ್ನು ಒಪ್ಪಗೊಳಿಸಿದರು, ಅಂಚಿಗೆ ಕಲ್ಲಿನ ತಡೆಗೋಡೆ ಕಟ್ಟಿದರು, ವೀಕ್ಷಣಾ ತಾಣಗಳನ್ನು ರೂಪಿಸಿದರು, ಲಕ್ಷಗಟ್ಟಲೆ ಗಿಡ, ಪೊದೆಗಳನ್ನು ನೆಟ್ಟರು. ರಸ್ತೆಯ ಬದಿಯಲ್ಲಿ ಸಹಜವಾಗಿ ಬೆಳೆದಂತೆ ಕಾಣುವ ಮೌಂಟನ್ ಲಾರೆಲ್ ಪೊದೆಗಳೂ ಎಷ್ಟೋ ಕಡೆ ಕೈಯಿಂದ ನೆಟ್ಟವು. 1942ರವರೆಗೆ ಈ ದಳ ಇಲ್ಲಿ ದುಡಿಯಿತು.

ಸುರಂಗ ದಾಟಿ 41ನೇ ಮೈಲಿಯಲ್ಲಿ ಸ್ಟೋನಿ ಮ್ಯಾನ್ ಶಿಖರಕ್ಕೆ ಕಾಲುದಾರಿ. ಹೋಗಿಬರಲು ಒಂದೂವರೆ ಮೈಲಿಗಿಂತ ಸ್ವಲ್ಪ ಹೆಚ್ಚು. ಏರು ಕಡಿಮೆ, ನೋಟ ಅಪಾರ. 52ನೇ ಮೈಲಿಯ ಮಿಲಮ್ ಗ್ಯಾಪ್‌ನಿಂದ ಎರಡು ಮೈಲಿ ಇಳಿದರೆ ರ್ಯಾಪಿಡಾನ್ ಕ್ಯಾಂಪ್. ಹೂವರ್ ಮತ್ತು ಅವರ ಪತ್ನಿ ಲೂ ಹೆನ್ರಿ ಹೂವರ್ ತಮ್ಮ ಸ್ವಂತ ಹಣದಲ್ಲಿ 1929ರಲ್ಲಿ ಕಟ್ಟಿಸಿಕೊಂಡ ಬೇಸಿಗೆಯ ಬಿಡಾರವಿದು. ಎರಡು ಹೊಳೆಗಳು ಕೂಡುವ ಜಾಗ, ಮರದ ಹಲಗೆಯ ಸರಳ ಮನೆಗಳು. ಅದೇ ವರ್ಷ ಬ್ರಿಟನ್ ಪ್ರಧಾನಿ ರ್‍ಯಾಮ್ಸೆ ಮ್ಯಾಕ್‌ಡೊನಾಲ್ಡ್ ಅವರೊಡನೆ ಹೂವರ್ ನೌಕಾಬಲ ಕಡಿತದ ಮಾತುಕತೆ ನಡೆಸಿದ್ದು ಇಲ್ಲಿಯೇ. ಬೆಟ್ಟದ ಮಕ್ಕಳಿಗೆ ಶಾಲೆಯಿಲ್ಲವೆಂದು ತಿಳಿದು ದಂಪತಿ 1930ರಲ್ಲಿ ಶಾಲೆಯೊಂದನ್ನು ತೆರೆಸಿದರು. ಆ ಶಾಲೆಗೆ ಬಂದ ಮಕ್ಕಳು ಯಾರು, ಅವರ ಮನೆಗಳು ಈಗೆಲ್ಲಿ ಎಂದು ಕೇಳಿಕೊಂಡರೆ ಉದ್ಯಾನದ ಇನ್ನೊಂದು ಕತೆ ತೆರೆದುಕೊಳ್ಳುತ್ತದೆ.

ಬೆಟ್ಟ ಬಿಟ್ಟು ಹೋದವರು

ಪಶ್ಚಿಮ ಅಮೆರಿಕದ ಹಳೆಯ ರಾಷ್ಟ್ರೀಯ ಉದ್ಯಾನಗಳಲ್ಲಿ ಹೆಚ್ಚಿನವು ಸರ್ಕಾರದ ಭೂಮಿಯಲ್ಲಿ ಆದವು. ಶೆನಂಡೋವ ಹಾಗಲ್ಲ. ಸಾವಿರಾರು ವರ್ಷ ಮೂಲನಿವಾಸಿಗಳು ಬೇಟೆಯಾಡಿದ ಈ ಬೆಟ್ಟಗಳಲ್ಲಿ 18ನೇ ಶತಮಾನದಿಂದ ಯೂರೋಪ್ ಮೂಲದ ಕುಟುಂಬಗಳು ನೆಲೆಸಿದ್ದವು. ಜೋಳ, ಸೇಬು, ದನಕರು, ಕಾಡಿನ ಚೆಸ್ಟ್‌ನಟ್ ಕಾಯಿ ಅವರ ಜೀವನಾಧಾರ. 20ನೇ ಶತಮಾನದ ಆರಂಭದಲ್ಲಿ ಹೊರದೇಶದಿಂದ ಬಂದ ಶಿಲೀಂಧ್ರರೋಗ ಚೆಸ್ಟ್‌ನಟ್ ಮರಗಳನ್ನು ನಿರ್ನಾಮ ಮಾಡಿದಾಗ ಅವರ ನಗದು ಆದಾಯದ ಮೂಲವೊಂದು ಕಡಿದುಹೋಯಿತು. ಬಿಗ್ ಮೆಡೋಸ್‌ನಲ್ಲಿ 1939ರಲ್ಲಿ ಕಟ್ಟಿದ ವಸತಿಗೃಹದ ಒಳಗೋಡೆಗಳಲ್ಲಿ ಆ ಮರದ ಹಲಗೆಗಳನ್ನು ಇಂದಿಗೂ ಕಾಣಬಹುದು.

ಪೂರ್ವದ ನಗರವಾಸಿಗಳಿಗೆ ಹತ್ತಿರದಲ್ಲೊಂದು ಉದ್ಯಾನ ಬೇಕೆಂದು 1926ರಲ್ಲಿ ಸಂಸತ್ತು ಅನುಮತಿ ನೀಡಿತು. ಭೂಮಿ ಒದಗಿಸುವ ಹೊಣೆ ರಾಜ್ಯದ್ದು. ವರ್ಜೀನಿಯಾ ಸರ್ಕಾರ 1928ರಲ್ಲಿ ಕಾಯ್ದೆ ತಂದು ಸಾವಿರಕ್ಕೂ ಹೆಚ್ಚು ಹಿಡುವಳಿಗಳನ್ನು ಸ್ವಾಧೀನಪಡಿಸಿಕೊಂಡಿತು. ಒಬ್ಬೊಬ್ಬರ ಜತೆ ಚೌಕಾಸಿ ಮಾಡುವ ಬದಲು ಇಡೀ ಕೌಂಟಿಯ ಭೂಮಿಯನ್ನು ಒಟ್ಟಿಗೆ ವಶಪಡಿಸಿಕೊಳ್ಳಲು ಆ ಕಾಯ್ದೆ ಅವಕಾಶ ನೀಡಿತ್ತು. ಆರಂಭದಲ್ಲಿ, ಇರುವವರು ಇಲ್ಲಿಯೇ ಇರಬಹುದೆಂಬ ನಂಬಿಕೆ ಜನರಲ್ಲಿತ್ತು. 1934ರಲ್ಲಿ ಕೇಂದ್ರ ಸರ್ಕಾರ, ಜನರಿಲ್ಲದ ಭೂಮಿಯನ್ನು ಮಾತ್ರ ಸ್ವೀಕರಿಸುವುದಾಗಿ ತಿಳಿಸಿತು. ಸುಮಾರು 500 ಕುಟುಂಬಗಳು ಬೆಟ್ಟ ಇಳಿದವು. ಪತ್ರವಿದ್ದ ಮಾಲೀಕರಿಗೆ ಪರಿಹಾರ ಸಿಕ್ಕಿತು. ಗೇಣಿದಾರರಿಗೆ, ಹಕ್ಕುಪತ್ರವಿಲ್ಲದೆ ತಲೆಮಾರುಗಳಿಂದ ಉಳುತ್ತಿದ್ದವರಿಗೆ ಸಿಗಲಿಲ್ಲ. ಮನೆಗಳನ್ನು ಕೆಡವಲಾಯಿತು, ಕೆಲವನ್ನು ಸುಡಲಾಯಿತು. ನಾಗರಹೊಳೆ, ಭದ್ರಾ ಅರಣ್ಯಗಳಿಂದ ಜನರ ಸ್ಥಳಾಂತರವನ್ನು ಕಂಡ ನಾಡಿನ ಓದುಗರಿಗೆ ಈ ಕತೆಯ ಧಾಟಿ ಅಪರಿಚಿತವೆನಿಸದು.

ಒಕ್ಕಲೆಬ್ಬಿಸಿದ್ದನ್ನು ಸಮರ್ಥಿಸಲು ಬೆಟ್ಟದ ಜನರನ್ನು ನಾಗರಿಕತೆಯಿಂದ ದೂರ ಉಳಿದ ಅಜ್ಞಾನಿಗಳೆಂದು ಚಿತ್ರಿಸಲಾಯಿತು. 1933ರಲ್ಲಿ ಪ್ರಕಟವಾದ 'ಹಾಲೊ ಫೋಕ್' ಎಂಬ ಪುಸ್ತಕ ಈ ಚಿತ್ರವನ್ನು ಬಲಪಡಿಸಿತು. 1990ರ ದಶಕದ ಪುರಾತತ್ವ ಅಧ್ಯಯನ ಅದನ್ನು ಅಲ್ಲಗಳೆದಿದೆ. ಮನೆಗಳ ಅವಶೇಷಗಳ ನಡುವೆ ಅಂಗಡಿಯಿಂದ ಕೊಂಡ ಪಿಂಗಾಣಿ, ಔಷಧಿ ಶೀಸೆ, ಮಕ್ಕಳ ಆಟಿಕೆ, ಗ್ರಾಮಫೋನ್ ತಟ್ಟೆಯ ಚೂರುಗಳು ದೊರೆತವು. ಅವರು ಹೊರಗಿನ ಲೋಕದೊಡನೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡಿದ್ದ ಸಾಮಾನ್ಯ ರೈತರು. ಮನೆಯ ಕಿಟಕಿ, ಬಾಗಿಲುಗಳನ್ನು ಕಿತ್ತೊಯ್ಯಬಹುದೇ, ಬೆಳೆ ಕೊಯ್ಯುವವರೆಗೆ ಇರಬಹುದೇ ಎಂದು ಅಧಿಕಾರಿಗಳನ್ನು ಕೇಳಿ ಅವರು ಬರೆದ ನೂರಾರು ಪತ್ರಗಳು ಉದ್ಯಾನದ ದಾಖಲೆ ಸಂಗ್ರಹದಲ್ಲಿ ಉಳಿದಿವೆ.

ಕೆಲವು ವೃದ್ಧರಿಗೆ ಜೀವಿತಾವಧಿಯವರೆಗೆ ಇರಲು ಅನುಮತಿ ದೊರೆಯಿತು. ಅವರಲ್ಲಿ ಕೊನೆಯವರಾದ ಮಹಿಳೆ 1979ರಲ್ಲಿ ತೀರಿಕೊಂಡರು. ಉದ್ಯಾನದೊಳಗೆ ನೂರಕ್ಕೂ ಹೆಚ್ಚು ಸ್ಮಶಾನಗಳಿವೆ. ಸುತ್ತಲ ಕೌಂಟಿಗಳಲ್ಲಿ ಬೆಟ್ಟ ಬಿಟ್ಟವರ ನೆನಪಿಗೆ ಕಲ್ಲಿನ ಚಿಮಣಿಯ ಆಕಾರದ ಸ್ಮಾರಕಗಳು ಈಚಿನ ವರ್ಷಗಳಲ್ಲಿ ಎದ್ದಿವೆ. ಮನೆಯೆಲ್ಲ ಅಳಿದರೂ ಕೊನೆಗೆ ಉಳಿಯುವುದು ಒಲೆಯ ಚಿಮಣಿ ಎಂಬುದೇ ಆ ಆಕಾರದ ಅರ್ಥ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರವಾಸಿಗರು ಮೆಚ್ಚುವ ಬಣ್ಣದ ಕಾಡಿನ ದೊಡ್ಡ ಭಾಗ ಆ ಕಾಲಕ್ಕೆ ಹೊಲ, ತೋಟ, ಹುಲ್ಲುಗಾವಲು ಅಥವಾ ಮರ ಕಡಿದ ಗುಡ್ಡವಾಗಿತ್ತು. ಜನ ಹೋದ ಮೇಲೆ ಟ್ಯೂಲಿಪ್ ಪಾಪ್ಲರ್, ಪೈನ್, ಲೋಕಸ್ಟ್ ಮರಗಳು ಬಯಲನ್ನು ಆಕ್ರಮಿಸಿದವು. ಓಕ್, ಮೇಪಲ್ ಹಿಂಬಾಲಿಸಿದವು. 1976ರಲ್ಲಿ ಉದ್ಯಾನದ ಶೇ. 40ರಷ್ಟು, ಸುಮಾರು 80 ಸಾವಿರ ಎಕರೆಯನ್ನು, ಮನುಷ್ಯನ ಹಸ್ತಕ್ಷೇಪವಿಲ್ಲದ ವನ್ಯಪ್ರದೇಶವೆಂದು ಸಂಸತ್ತು ಘೋಷಿಸಿತು. ಅರ್ಧ ಶತಮಾನದ ಹಿಂದಷ್ಟೇ ಅಲ್ಲಿ ನೇಗಿಲು ಆಡುತ್ತಿತ್ತು. ಬಿಗ್ ಮೆಡೋಸ್‌ನ ಬಯಲು ಮಾತ್ರ ಇಂದಿಗೂ ಬಯಲಾಗಿದೆ. ಅದನ್ನು ಸವರಿ, ಆಗಾಗ ಮೇಲ್ವಿಚಾರಣೆಯಲ್ಲಿ ಸುಟ್ಟು ಹಾಗೆ ಉಳಿಸಿಕೊಳ್ಳಲಾಗಿದೆ.

ಲೂಯಿಸ್ ಮೌಂಟನ್‌ನ ರಾತ್ರಿ

ಶನಿವಾರ ರಾತ್ರಿ ತಂಗುವ ಲೂಯಿಸ್ ಮೌಂಟನ್ ನಾಲ್ಕು ಶಿಬಿರತಾಣಗಳಲ್ಲಿ ಅತಿ ಚಿಕ್ಕದು. ಸುಮಾರು 30 ಡೇರೆಗಳಿಗೆ ಜಾಗ. ಗದ್ದಲ ಬೇಡವೆನ್ನುವ ದಂಪತಿಗೆ ಇಷ್ಟವಾಗುವ ಸ್ಥಳ. ಅದು ಚಿಕ್ಕದಾಗಿ, ಪ್ರತ್ಯೇಕವಾಗಿ ಇರುವುದಕ್ಕೆ ಚರಿತ್ರೆಯ ಕಾರಣವುಂಟು. 1930ರ ದಶಕದಲ್ಲಿ ವರ್ಜೀನಿಯಾದ ವರ್ಣಭೇದ ಪದ್ಧತಿಗೆ ತಲೆಬಾಗಿ ಉದ್ಯಾನದಲ್ಲಿಯೂ ಕರಿಯರಿಗೆ ಬೇರೆ ಸೌಲಭ್ಯ ಕಲ್ಪಿಸಲಾಯಿತು. ದಶಕದ ಕೊನೆಗೆ ತೆರೆದ ಲೂಯಿಸ್ ಮೌಂಟನ್‌ನ ಫಲಕದಲ್ಲಿ ಅದು ನೀಗ್ರೋಗಳ ಪ್ರದೇಶವೆಂದು ಬರೆದಿತ್ತು. ರಾಷ್ಟ್ರದ ತೆರಿಗೆಯಲ್ಲಿ ಆದ ಉದ್ಯಾನದಲ್ಲಿ ಪ್ರಜೆಗಳನ್ನು ಬೇರ್ಪಡಿಸುವುದು ಸರಿಯೇ ಎಂಬ ಆಕ್ಷೇಪ ಆಗಲೇ ಎದ್ದಿತು. ಒಳನಾಡು ಇಲಾಖೆಯ ಕಾರ್ಯದರ್ಶಿ ಹೆರಾಲ್ಡ್ ಇಕೀಸ್ ಕೂಡ ಬೇರ್ಪಡಿಸುವುದರ ವಿರೋಧಿಯಾಗಿದ್ದರು. ಪಿನಾಕಲ್ಸ್ ಎಂಬ ವನಭೋಜನ ತಾಣ ಮೊದಲು ಎಲ್ಲರಿಗೂ ಮುಕ್ತವಾಯಿತು. 1950ರ ಹೊತ್ತಿಗೆ ಇಡೀ ಉದ್ಯಾನದಲ್ಲಿ ಭೇದ ಅಳಿಯಿತು. ಹೊರಗಿನ ವರ್ಜೀನಿಯಾದಲ್ಲಿ ಅದು ಇನ್ನೂ ಹಲವು ವರ್ಷ ಉಳಿದಿತ್ತು. ಇಂದು ಅಲ್ಲಿ ಬೆಂಕಿ ಕಾಯಿಸುತ್ತ ಕುಳಿತುಕೊಳ್ಳುವವರಲ್ಲಿ ಎಲ್ಲ ಬಣ್ಣದವರೂ ಇರುತ್ತಾರೆ, ಭಾರತೀಯರೂ ಇರುತ್ತಾರೆ.

ಭಾನುವಾರ, ದಕ್ಷಿಣದತ್ತ

ಕೊನೆಯ ದಿನ ಉಳಿಯುವುದು ಸುಮಾರು 48 ಮೈಲಿ. ಸ್ವಿಫ್ಟ್ ರನ್ ಗ್ಯಾಪ್ ದಾಟಿದ ಮೇಲೆ ವಾಹನಗಳು ವಿರಳ. ಇಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಪ್ರಸಿದ್ಧ ಕಾಲ್ದಾರಿ ಪದೇ ಪದೇ ರಸ್ತೆಯನ್ನು ಅಡ್ಡಹಾಯುತ್ತದೆ. ಉದ್ಯಾನದೊಳಗೆ ಅದರ ಉದ್ದ 101 ಮೈಲಿ. ಬೆಟ್ಟದ ನೆತ್ತಿಯಲ್ಲಿ ಮೊದಲು ಇದ್ದದ್ದು ಕಾಲ್ದಾರಿ. ರಸ್ತೆ ಬಂದು ಅದನ್ನು ಬದಿಗೆ ಸರಿಸಿತು. 1921ರಲ್ಲಿ ಆ ದಾರಿಯ ಕಲ್ಪನೆ ನೀಡಿದ ಬೆಂಟನ್ ಮೆಕೈ ಶಿಖರದ ಮೇಲೆ ಮೋಟಾರು ಓಡುವುದನ್ನು ಬಲವಾಗಿ ವಿರೋಧಿಸಿದರು. ದಾರಿಯನ್ನು ಕಟ್ಟಿ ಮುಗಿಸುವುದೇ ಮುಖ್ಯವೆಂದ ಮೈರನ್ ಏವ್ರಿ ರಸ್ತೆಯನ್ನು ಒಪ್ಪಿಕೊಂಡರು. ಇಬ್ಬರೂ ದೂರವಾದರು. 1935ರಲ್ಲಿ ವಿಲ್ಡರ್‌ನೆಸ್ ಸೊಸೈಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಮೆಕೈ ಒಬ್ಬರು.

ಅವರ ಆಕ್ಷೇಪಕ್ಕೆ ಇಂದಿಗೂ ಬೆಲೆಯಿದೆ. ಆದರೆ ನಡೆಯಲಾರದ ವೃದ್ಧರೂ ಗಾಲಿಕುರ್ಚಿಯಲ್ಲಿರುವವರೂ ಈ ಬೆಟ್ಟದ ಸೂರ್ಯಾಸ್ತವನ್ನು ಕಾಣುತ್ತಿರುವುದು ಇದೇ ರಸ್ತೆಯಿಂದ ಎಂಬುದೂ ನಿಜ. ಒಂದು ಸ್ಥಳವನ್ನು ಎಲ್ಲರಿಗೂ ತೆರೆಯಬೇಕು, ಅದನ್ನು ಹಾಳುಮಾಡದೆ ಉಳಿಸಲೂ ಬೇಕು ಎಂಬ ಎರಡು ಆಸೆಗಳ ಜಗ್ಗಾಟ 90 ವರ್ಷಗಳಾದರೂ ಇಲ್ಲಿ ಮುಗಿದಿಲ್ಲ.

ರಾಕ್‌ಫಿಶ್ ಗ್ಯಾಪ್‌ನಲ್ಲಿ ಸ್ಕೈಲೈನ್ ಡ್ರೈವ್ ಮುಗಿದು 469 ಮೈಲಿ ಉದ್ದದ ಬ್ಲೂ ರಿಜ್ ಪಾರ್ಕ್‌ವೇ ಆರಂಭವಾಗುತ್ತದೆ. ಸೋಮವಾರ ಕೆಲಸಕ್ಕೆ ಮರಳಬೇಕಾದ ದಂಪತಿ ಅಲ್ಲಿಂದ ಕಣಿವೆಯ ಹೆದ್ದಾರಿಗೆ ಇಳಿಯಬೇಕು. ಹೊರಡುವ ಮುನ್ನ ಕಾಡಿನ ಅಂಚಿನಲ್ಲಿ ಕಲ್ಲುಗೋಡೆಯೋ ಮುದಿ ಸೇಬಿನ ಮರವೋ ಕಂಡರೆ ಒಂದು ಕ್ಷಣ ನಿಲ್ಲುವುದು ಒಳಿತು. ಅಲ್ಲಿಂದ ಕಲ್ಲನ್ನಾಗಲಿ, ಗಾಜಿನ ಚೂರನ್ನಾಗಲಿ ಎತ್ತಿಕೊಳ್ಳುವುದು ಕಾನೂನಿಗೆ ವಿರುದ್ಧ. ಬಿಟ್ಟುಹೋದವರ ಮೊಮ್ಮಕ್ಕಳು, ಮರಿಮಕ್ಕಳು ಇಂದಿಗೂ ಅಜ್ಜಿ-ಅಜ್ಜಂದಿರ ಸಮಾಧಿಗೆ ಹೂವಿಡಲು ಈ ಬೆಟ್ಟ ಹತ್ತಿ ಬರುತ್ತಾರೆ. ಅವರಿಗೆ ಇದು ಪ್ರವಾಸಿ ತಾಣವಲ್ಲ, ಊರು.